ಖಾಸಗಿ ಶಾಲೆಯ ಮಗುವಿಗೂ ಸರ್ಕಾರದ ಖರ್ಚಿನಲ್ಲಿ ಪರೀಕ್ಷೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹನ್ನೊಂದನೇ ತರಗತಿಯ ವಿದ್ಯಾರ್ಥಿಗಳು ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಮಿಷಿಗನ್ ಮೆರಿಟ್ ಪರೀಕ್ಷೆ ಬರೆಯುತ್ತಾರೆ. ಹೆಸರು ಒಂದೇ ಆದರೂ ಒಳಗೆ ಮೂರು ಪರೀಕ್ಷೆಗಳಿವೆ. ಮೊದಲನೆಯದು ದೇಶದ ಬಹುತೇಕ ಕಡೆ ಕಾಲೇಜು ಪ್ರವೇಶಕ್ಕೆ ಪರಿಗಣಿಸುವ ಸ್ಯಾಟ್. ಎರಡನೆಯದು ಕೆಲಸದ ಜಾಗದಲ್ಲಿ ಬೇಕಾಗುವ ಕೌಶಲವನ್ನು ಅಳೆಯುವ ವರ್ಕ್‌ಕೀಸ್. ಮೂರನೆಯದು ರಾಜ್ಯವೇ ರೂಪಿಸಿದ ಎಂ-ಸ್ಟೆಪ್‌ನ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಪತ್ರಿಕೆಗಳು. ಮೂರಕ್ಕೂ ವಿದ್ಯಾರ್ಥಿ ಒಂದು ಡಾಲರ್ ಕೂಡ ಕೊಡಬೇಕಿಲ್ಲ. ಶುಲ್ಕ ಭರಿಸುವುದು ರಾಜ್ಯದ ಬೊಕ್ಕಸ.

ಸರ್ಕಾರಿ ಶಾಲೆಯ ಮಕ್ಕಳಿಗೆ ಈ ಪರೀಕ್ಷೆ ಕಡ್ಡಾಯ. ಖಾಸಗಿ ಶಾಲೆಯ ಮಕ್ಕಳಿಗೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೂ ಕಡ್ಡಾಯವಲ್ಲ. ಆದರೆ ಅವರು ಬರೆಯಬಯಸಿದರೆ ಅದೇ ಪರೀಕ್ಷೆ, ಅದೇ ಸರ್ಕಾರಿ ಖರ್ಚಿನಲ್ಲಿ ಅವರಿಗೂ ಉಂಟು ಎಂದು ಮಿಷಿಗನ್ನಿನ ಶಾಲಾ ಕಾಯ್ದೆ ಹೇಳುತ್ತದೆ. ಖಾಸಗಿ ಶಾಲೆಗಳಿಗೆ ಸಾರ್ವಜನಿಕ ಹಣ ಹೋಗಬಾರದೆಂದು ಅತ್ಯಂತ ಬಿಗಿಯಾದ ನಿರ್ಬಂಧ ಹಾಕಿಕೊಂಡ ರಾಜ್ಯಗಳಲ್ಲಿ ಮಿಷಿಗನ್ ಒಂದು. ಅಂಥ ರಾಜ್ಯದ ಕಾಯ್ದೆಯಲ್ಲಿ ಈ ಮಾತು ಸೇರಿದ್ದು ಹೇಗೆ, ಅದರಿಂದ ಮಕ್ಕಳಿಗೆ ಆಗುವುದೇನು ಎಂಬುದು ವಿವರವಾಗಿ ನೋಡಬೇಕಾದ ಸಂಗತಿ.

ಅಮೆರಿಕದಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮೊದಲಿನಿಂದಲೂ ಸರ್ಕಾರದ ಕೈಯಲ್ಲಿ ಇರಲಿಲ್ಲ. ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್ 1900ರಲ್ಲಿ ಹುಟ್ಟಿದ, ಸರ್ಕಾರಕ್ಕೆ ಸೇರದ ಸಂಸ್ಥೆ. 1926ರ ಜೂನ್‌ನಲ್ಲಿ ಸುಮಾರು 8 ಸಾವಿರ ಮಂದಿ ಮೊದಲ ಸ್ಯಾಟ್ ಬರೆದರು. ಅದಕ್ಕೆ ಎದುರಾಳಿಯಾಗಿ 1959ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಇ.ಎಫ್. ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಎಸಿಟಿ ಆರಂಭಿಸಿದರು. ಎರಡೂ ಪರೀಕ್ಷೆಗಳನ್ನು ವಿದ್ಯಾರ್ಥಿಯೇ ಹುಡುಕಿಕೊಂಡು ಹೋಗಿ ಬರೆಯಬೇಕಿತ್ತು. ಹೆಸರು ನೋಂದಾಯಿಸಬೇಕು, ಶುಲ್ಕ ಕಟ್ಟಬೇಕು, ಶನಿವಾರ ಬೆಳಿಗ್ಗೆ ಎಲ್ಲೋ ಇರುವ ಕೇಂದ್ರಕ್ಕೆ ತಲುಪಬೇಕು. ಕಾರಿಲ್ಲದ ಮನೆಯ ಹುಡುಗನಿಗೆ, ಶನಿವಾರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಇವು ಸಣ್ಣ ಅಡ್ಡಿಗಳಲ್ಲ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲದಿದ್ದರೆ ಇಂಥದ್ದೊಂದು ಪರೀಕ್ಷೆ ಬರೆಯಬೇಕೆಂಬುದೇ ತಡವಾಗಿ ಗೊತ್ತಾಗುತ್ತಿತ್ತು. ಬಡವರಿಗೆ ಶುಲ್ಕ ವಿನಾಯಿತಿ ಇತ್ತು, ಈಗಲೂ ಇದೆ. ಆದರೆ ವಿನಾಯಿತಿ ಸಿಗುವುದು ಕೇಳಲು ಗೊತ್ತಿದ್ದವರಿಗೆ.

2001ರಲ್ಲಿ ಕೊಲರಾಡೊ ಮತ್ತು ಇಲಿನಾಯ್ ರಾಜ್ಯಗಳು ಈ ಕ್ರಮವನ್ನು ಬದಲಿಸಿದವು. ಸರ್ಕಾರಿ ಶಾಲೆಯ ಹನ್ನೊಂದನೇ ತರಗತಿಯವರೆಲ್ಲ ಎಸಿಟಿಯನ್ನು ತಮ್ಮದೇ ಶಾಲೆಯಲ್ಲಿ, ಶಾಲೆ ನಡೆಯುವ ದಿನವೇ ಬರೆಯುವಂತೆ ಮಾಡಿದವು. ಖರ್ಚು ರಾಜ್ಯದ್ದು. ಮೇನ್ ರಾಜ್ಯ 2006ರಲ್ಲಿ ಸ್ಯಾಟ್ ಆರಿಸಿಕೊಂಡಿತು. ಮಿಷಿಗನ್ 2007ರ ವಸಂತದಲ್ಲಿ ಎಸಿಟಿ ಮತ್ತು ವರ್ಕ್‌ಕೀಸ್ ಸೇರಿದ ಮೆರಿಟ್ ಪರೀಕ್ಷೆಯನ್ನು ರಾಜ್ಯದಾದ್ಯಂತ ನಡೆಸಿತು. ಎಂಟು ವರ್ಷಗಳ ನಂತರ ಟೆಂಡರ್ ಕರೆದಾಗ ಕಾಲೇಜ್ ಬೋರ್ಡ್ ಕಡಿಮೆ ಬೆಲೆಗೆ ಒಪ್ಪಿತು. ಮೂರು ವರ್ಷಕ್ಕೆ ಸುಮಾರು 1.71 ಕೋಟಿ ಡಾಲರ್‌ಗಳ ಗುತ್ತಿಗೆ ಅದಕ್ಕೆ ಸಿಕ್ಕಿ, 2016ರಿಂದ ಎಸಿಟಿಯ ಜಾಗಕ್ಕೆ ಸ್ಯಾಟ್ ಬಂತು. ವರ್ಕ್‌ಕೀಸ್ ಮಾತ್ರ ಎಸಿಟಿ ಸಂಸ್ಥೆಯದೇ ಆಗಿ ಉಳಿಯಿತು.

ಇದರ ಫಲವೇನೆಂದು ಅರ್ಥಶಾಸ್ತ್ರಜ್ಞ ಜೋಶುವಾ ಹೈಮನ್ ಮಿಷಿಗನ್ನಿನ ಸರ್ಕಾರಿ ಶಾಲೆಗಳ ದಾಖಲೆಗಳನ್ನಿಟ್ಟುಕೊಂಡು ಪರಿಶೀಲಿಸಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಒಂದು ಲೆಕ್ಕವನ್ನು ಶಿಕ್ಷಣ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ತಿಳಿದಿರಬೇಕು. ಪರೀಕ್ಷೆ ಕಡ್ಡಾಯವಾಗುವ ಮೊದಲು ಬಡ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ಪರೀಕ್ಷೆ ಬರೆದು ಕಾಲೇಜಿಗೆ ತಕ್ಕ ಅಂಕ ಪಡೆಯುತ್ತಿದ್ದರೆ, ಅಷ್ಟೇ ಅಂಕ ಪಡೆಯಬಲ್ಲ ಇನ್ನೂ ಐದು ಮಂದಿ ಯಾವ ಪ್ರವೇಶ ಪರೀಕ್ಷೆಯನ್ನೂ ಬರೆಯದೇ ಉಳಿಯುತ್ತಿದ್ದರು. ಈ ಐವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ. ಅವರಿಗೆ ಅಂಕಪಟ್ಟಿಯೊಂದು ಇರಲಿಲ್ಲ, ಅಷ್ಟೇ.

ಪರೀಕ್ಷೆ ಉಚಿತವಾಗಿ, ಕಡ್ಡಾಯವಾಗಿ ಬಂದ ಮೇಲೆ ನಾಲ್ಕು ವರ್ಷದ ಪದವಿ ಕಾಲೇಜು ಸೇರುವವರ ಪ್ರಮಾಣ ಸ್ವಲ್ಪವೇ ಏರಿತು. ಏರಿಕೆ ಸಣ್ಣದು ಎಂಬುದನ್ನು ಹೈಮನ್ ಮುಚ್ಚಿಡುವುದಿಲ್ಲ. ಆದರೆ ಅದು ಹೆಚ್ಚಾಗಿ ಕಂಡದ್ದು ಅತ್ಯಂತ ಬಡ ಶಾಲೆಗಳಲ್ಲಿ, ತಾವಾಗಿ ಪರೀಕ್ಷೆ ಬರೆಯುವ ಸಂಭವ ಕಡಿಮೆಯಿದ್ದ ಮಕ್ಕಳಲ್ಲಿ. ಹೀಗೆ ಸೇರಿದವರು ಮಧ್ಯದಲ್ಲೇ ಕಾಲೇಜು ಬಿಟ್ಟುಹೋಗಲಿಲ್ಲ. ಉಳಿದವರಷ್ಟೇ ಪ್ರಮಾಣದಲ್ಲಿ ಓದು ಮುಂದುವರಿಸಿದರು. ರಾಜ್ಯಕ್ಕೆ ತಗಲಿದ ಖರ್ಚು ತಲಾ 50 ಡಾಲರ್‌ಗಿಂತ ಕಡಿಮೆ. ಸಾವಿರಾರು ಡಾಲರ್ ವಿದ್ಯಾರ್ಥಿವೇತನ ಹಂಚಿ ಸಾಧಿಸುವ ಫಲಕ್ಕೆ ಹೋಲಿಸಿದರೆ ಇದು ಅಗ್ಗ ಎಂಬುದು ಅಧ್ಯಯನದ ತೀರ್ಮಾನ. ಕೊಲರಾಡೊ ಮತ್ತು ಇಲಿನಾಯ್ ರಾಜ್ಯಗಳನ್ನು ಅಧ್ಯಯನ ಮಾಡಿದ ಸರೀನಾ ಗುಡ್‌ಮನ್‌ರಿಗೆ ತುಸು ಬೇರೆ ಚಿತ್ರ ಸಿಕ್ಕಿತು. ಅಲ್ಲಿ ಒಟ್ಟು ಕಾಲೇಜು ಸೇರುವವರ ಸಂಖ್ಯೆ ಅಷ್ಟಾಗಿ ಬದಲಾಗಲಿಲ್ಲ. ಆದರೆ ಒಳ್ಳೆಯ, ಆಯ್ಕೆ ಮಾಡಿ ಸೇರಿಸಿಕೊಳ್ಳುವ ಕಾಲೇಜುಗಳತ್ತ ಮಕ್ಕಳು ಹೆಚ್ಚಾಗಿ ಹೋದರು. ತಮ್ಮ ಶಕ್ತಿ ಎಷ್ಟೆಂದು ಅಂಕಿಯಲ್ಲಿ ಕಂಡ ಮೇಲೆ ಅವರ ಆಯ್ಕೆಯೇ ಬದಲಾಗಿತ್ತು.

ಈ ಅಧ್ಯಯನಗಳ ಕೇಂದ್ರ ಸರ್ಕಾರಿ ಶಾಲೆಗಳೇ. ಖಾಸಗಿ ಶಾಲೆಯ ಮಕ್ಕಳಿಗೆ ಇದೆಲ್ಲ ಯಾಕೆ, ಅವರು ಉಳ್ಳವರಲ್ಲವೇ ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ. ಖಾಸಗಿ ಶಾಲೆ ಎಂದೊಡನೆ ಹುಲ್ಲುಹಾಸು, ಈಜುಕೊಳ, ಭಾರಿ ಶುಲ್ಕ ನೆನಪಾಗುವುದು ಸಹಜ. ಅಂಥವು ಮಿಷಿಗನ್ನಿನಲ್ಲೂ ಇವೆ. ಅಲ್ಲಿನ ಮಕ್ಕಳಿಗೆ ಸರ್ಕಾರದ ಪರೀಕ್ಷೆಯ ಹಂಗಿಲ್ಲ, ಅವರು ಮೂರು ಸಲ ಬೇಕಾದರೂ ಕೈಯಿಂದ ದುಡ್ಡು ಕೊಟ್ಟು ಸ್ಯಾಟ್ ಬರೆಯಬಲ್ಲರು. ಆದರೆ ರಾಜ್ಯದ ಖಾಸಗಿ ಶಾಲೆಗಳಲ್ಲಿ ಚರ್ಚುಗಳು ನಡೆಸುವ ಶಾಲೆಗಳೇ ಹೆಚ್ಚು. ಡೆಟ್ರಾಯಿಟ್ ಸುತ್ತಿನ ಕ್ಯಾಥೊಲಿಕ್ ಶಾಲೆಗಳು, ಗ್ರ್ಯಾಂಡ್ ರ‍್ಯಾಪಿಡ್ಸ್ ಮತ್ತು ಹಾಲೆಂಡ್ ಊರುಗಳಲ್ಲಿ ಡಚ್ ವಲಸಿಗರು ಕಟ್ಟಿದ ಕ್ರೈಸ್ತ ಶಾಲೆಗಳು, ಡಿಯರ್‌ಬಾರ್ನ್ ಕಡೆಯ ಇಸ್ಲಾಮೀ ಶಾಲೆಗಳು ಈ ಸಾಲಿಗೆ ಸೇರುತ್ತವೆ. ನೈಋತ್ಯ ಡೆಟ್ರಾಯಿಟ್‌ನಲ್ಲಿ 2008ರಲ್ಲಿ ಆರಂಭವಾದ ಕ್ರಿಸ್ಟೊ ರೇ ಪ್ರೌಢಶಾಲೆ ಬಡ ಕುಟುಂಬಗಳ ಮಕ್ಕಳಿಗೆಂದೇ ಇರುವ ಶಾಲೆ. ಅಲ್ಲಿನ ವಿದ್ಯಾರ್ಥಿಗಳು ವಾರದಲ್ಲೊಂದು ದಿನ ಕಂಪನಿ ಕಚೇರಿಗಳಲ್ಲಿ ದುಡಿದು ತಮ್ಮ ಓದಿನ ಖರ್ಚಿನ ಒಂದು ಭಾಗವನ್ನು ತಾವೇ ತುಂಬುತ್ತಾರೆ. ಇವರ ತಂದೆ ತಾಯಿ ತೆರಿಗೆಯನ್ನೂ ಕಟ್ಟುತ್ತಾರೆ. 2024ರ ಹೊತ್ತಿಗೆ ಒಂದು ಸ್ಯಾಟ್ ಶುಲ್ಕ 68 ಡಾಲರ್. ಮನೆಯಲ್ಲಿ ಮೂವರು ಮಕ್ಕಳಿದ್ದು ಶಾಲೆಯ ಶುಲ್ಕಕ್ಕೇ ತಿಣುಕಾಡುವ ಕುಟುಂಬಕ್ಕೆ ಆ ಮೊತ್ತವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಶಾಲೆಯಲ್ಲೇ, ತಿಳಿದ ಶಿಕ್ಷಕರ ಎದುರು ಪರೀಕ್ಷೆ ಬರೆಯುವ ಅನುಕೂಲ ದುಡ್ಡಿನಲ್ಲಿ ಅಳೆಯುವಂಥದ್ದಲ್ಲ.

ಕಾಯ್ದೆಯಲ್ಲಿ ಏರ್ಪಾಡು ಸರಳವಾಗಿದೆ. ಖಾಸಗಿ ಶಾಲೆಯೊಂದು ಕೋರಿಕೆ ಸಲ್ಲಿಸಿದರೆ ರಾಜ್ಯದ ಸಾರ್ವಜನಿಕ ಶಿಕ್ಷಣದ ಮುಖ್ಯಸ್ಥರು ಪರೀಕ್ಷಾ ಸಂಸ್ಥೆಗೆ ಸೂಚನೆ ಕೊಟ್ಟು ಆ ಶಾಲೆಗೆ ಪರೀಕ್ಷೆ ಒದಗಿಸಬೇಕು. ಪರೀಕ್ಷೆ ನಡೆಸುವುದು, ಮೇಲ್ವಿಚಾರಣೆ ಮಾಡುವುದು ಶಾಲೆಯ ಸಿಬ್ಬಂದಿ. ಮನೆಯಲ್ಲಿ ಕಲಿಯುವ ಮಗು ತಾನಿರುವ ಪ್ರದೇಶದ ಶಾಲಾ ಆಡಳಿತವನ್ನು, ಅಂದರೆ ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂದು ಕರೆಯುವ ಘಟಕವನ್ನು, ಸಂಪರ್ಕಿಸಬೇಕು. ಆ ಘಟಕ ಪರೀಕ್ಷೆ ಬರೆಸಲೇಬೇಕು. ಯಾವುದಾದರೂ ಖಾಸಗಿ ಶಾಲೆ ಒಪ್ಪಿದರೆ ಅಲ್ಲಿಯೂ ಬರೆಯಬಹುದು. ಹೊರಗಿನಿಂದ ಬಂದು ಬರೆದ ಮಗುವಿನ ಅಂಕಗಳನ್ನು ಯಾವ ಕಾರಣಕ್ಕೂ ಆ ಶಾಲಾ ಘಟಕದ ಅಂಕಗಳೆಂದು ಲೆಕ್ಕಿಸುವಂತಿಲ್ಲ ಎಂದೂ ಕಾಯ್ದೆ ಸೇರಿಸುತ್ತದೆ. ಈ ಕೊನೆಯ ಮಾತು ಸಣ್ಣದಾಗಿ ಕಂಡರೂ ಜಾಣತನದ್ದು. ಸರ್ಕಾರಿ ಶಾಲೆಗಳ ಯೋಗ್ಯತೆಯನ್ನು ಅವುಗಳ ಸರಾಸರಿ ಅಂಕದಿಂದ ಅಳೆಯುವ ಕಾಲದಲ್ಲಿ, ಹೊರಗಿನ ಮಗು ಬಂದರೆ ತಮ್ಮ ಸರಾಸರಿ ಏರುಪೇರಾದೀತು ಎಂಬ ಅಂಜಿಕೆಯನ್ನು ಅದು ತೆಗೆದುಹಾಕಿದೆ.

ಇಂಥ ಅವಕಾಶಕ್ಕೆ ಹಿಂದೆ ಇನ್ನೊಂದು ಬಲವಾದ ಕಾರಣವಿತ್ತು. 1999ರಲ್ಲಿ ಗವರ್ನರ್ ಜಾನ್ ಎಂಗ್ಲರ್ ಕಾಲದಲ್ಲಿ, ತಂಬಾಕು ಕಂಪನಿಗಳಿಂದ ಬಂದ ಪರಿಹಾರದ ಹಣದಿಂದ ಮಿಷಿಗನ್ ಮೆರಿಟ್ ಪ್ರಶಸ್ತಿ ಶುರುವಾಯಿತು. ರಾಜ್ಯದ ಆಗಿನ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವರಿಗೆ 2,500 ಡಾಲರ್ ದೊರೆಯುತ್ತಿತ್ತು. ಪರೀಕ್ಷೆ ಬರೆಯದ ಮಗುವಿಗೆ ಪ್ರಶಸ್ತಿಯೂ ಇಲ್ಲವೆಂದ ಮೇಲೆ ಖಾಸಗಿ ಶಾಲೆಯ ಮಕ್ಕಳನ್ನು ಪರೀಕ್ಷೆಯಿಂದ ದೂರವಿಡುವುದು ಅನ್ಯಾಯವಾಗುತ್ತಿತ್ತು. ಆ ಪ್ರಶಸ್ತಿಯ ಜಾಗಕ್ಕೆ ಗವರ್ನರ್ ಜೆನಿಫರ್ ಗ್ರಾನ್‌ಹೋಮ್ ಕಾಲದಲ್ಲಿ 4,000 ಡಾಲರ್‌ವರೆಗಿನ ಪ್ರಾಮಿಸ್ ವಿದ್ಯಾರ್ಥಿವೇತನ ಬಂತು. 2009ರ ಆರ್ಥಿಕ ಬಿಕ್ಕಟ್ಟಿನ ಬಜೆಟ್‌ನಲ್ಲಿ ಅದು ನಿಂತುಹೋಯಿತು. ವಿದ್ಯಾರ್ಥಿವೇತನ ಹೋದರೂ ಪರೀಕ್ಷೆಯ ಬಾಗಿಲು ತೆರೆದೇ ಉಳಿಯಿತು.

ಆ ಬಾಗಿಲಿಗೆ ಸಂವಿಧಾನದ ಅಡ್ಡಿ ಇಲ್ಲವೇ? 1970ರಲ್ಲಿ ಮಿಷಿಗನ್ ಶಾಸನಸಭೆ ಖಾಸಗಿ ಶಾಲೆಯ ಶಿಕ್ಷಕರ ಸಂಬಳದ ಒಂದು ಪಾಲನ್ನು ಸರ್ಕಾರದಿಂದ ಕೊಡಲು ಹೊರಟಿತು. ಜನ ಸಿಟ್ಟಾದರು. ಅದೇ ವರ್ಷದ ನವೆಂಬರ್‌ನಲ್ಲಿ ಮತದಾರರು ಸಂವಿಧಾನಕ್ಕೆ ತಿದ್ದುಪಡಿ ತಂದು ಖಾಸಗಿ ಶಾಲೆಗೆ ನೆರವಾಗುವಂತೆ ಯಾವ ಪಾವತಿ, ತೆರಿಗೆ ರಿಯಾಯಿತಿ, ಬೋಧನಾ ಶುಲ್ಕದ ವೋಚರ್‌ಗಳನ್ನೂ ಕೊಡುವಂತಿಲ್ಲ ಎಂದು ಬರೆದರು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವಾಹನಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಮರುವರ್ಷವೇ ಟ್ರಾವರ್ಸ್ ಸಿಟಿ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗೆ ಮಿತಿ ಗುರುತಿಸಿತು. ಪಾಠ ಹೇಳುವ ಮುಖ್ಯ ಕೆಲಸಕ್ಕೆ ಸರ್ಕಾರದ ಹಣ ಕೂಡದು. ಮಗುವಿನ ಆರೋಗ್ಯ, ಮಾತಿನ ತೊಂದರೆಯ ಚಿಕಿತ್ಸೆಯಂಥ ಪೂರಕ ಸೇವೆಗಳನ್ನು ಸರ್ಕಾರ ಒದಗಿಸಬಹುದು. 2000ದಲ್ಲಿ ವೋಚರ್‌ಗಳಿಗೆ ಅವಕಾಶ ಕೊಡುವ ಪ್ರಸ್ತಾವವನ್ನು ಶೇ 69ರಷ್ಟು ಮತದಾರರು ತಿರಸ್ಕರಿಸಿದರು. ರಾಜ್ಯದ ನಿಯಮಗಳನ್ನು ಪಾಲಿಸಲು ಖಾಸಗಿ ಶಾಲೆಗಳಿಗೆ ತಗಲುವ ಖರ್ಚನ್ನು ಮರಳಿಸಲು 2016ರಲ್ಲಿ 25 ಲಕ್ಷ ಡಾಲರ್ ಇಟ್ಟಾಗಲೂ ಮೊಕದ್ದಮೆ ಬಿತ್ತು. 2020ರ ಡಿಸೆಂಬರ್ ಕೊನೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮೂರು ಮತ್ತು ಮೂರಾಗಿ ಒಡೆದದ್ದರಿಂದ, ನೆರವಿನ ಪರವಾಗಿದ್ದ ಕೆಳಗಿನ ಕೋರ್ಟಿನ ತೀರ್ಪು ಹಾಗೆಯೇ ಉಳಿಯಿತು.

ಇಷ್ಟೊಂದು ಜಗಳದ ನಡುವೆ ಪರೀಕ್ಷೆಯ ಅವಕಾಶ ನಿಂತದ್ದಕ್ಕೆ ಅದರ ರಚನೆಯೇ ಕಾರಣವೆನ್ನಬೇಕು. ಸರ್ಕಾರದ ಹಣ ಶಾಲೆಯ ಖಾತೆಗೆ ಹೋಗುವುದೇ ಇಲ್ಲ. ರಾಜ್ಯ ಹಣ ಕೊಡುವುದು ಪರೀಕ್ಷಾ ಸಂಸ್ಥೆಗೆ, ಪಡೆಯುವುದು ಮಗು. ದೇಶದ ಸುಪ್ರೀಂ ಕೋರ್ಟ್ ಧರ್ಮ ಮತ್ತು ಸರ್ಕಾರದ ನಡುವಣ ಗೆರೆಯನ್ನು ಇದೇ ಬಗೆಯ ಪ್ರಕರಣಗಳಲ್ಲಿ ಎಳೆದಿತ್ತು. 1973ರಲ್ಲಿ ನ್ಯೂಯಾರ್ಕಿನ ಒಂದು ಕಾನೂನು ಅದರ ಮುಂದೆ ಬಂತು. ಶಾಲೆಯ ಶಿಕ್ಷಕರೇ ಸಿದ್ಧಪಡಿಸುವ ಪರೀಕ್ಷೆಗಳಿಗೂ ಚರ್ಚ್ ಶಾಲೆಗಳಿಗೆ ಹಣ ಕೊಡುವ ಕಾನೂನು ಅದು. ಪ್ರಶ್ನೆಪತ್ರಿಕೆಯಲ್ಲೇ ಧರ್ಮಬೋಧನೆ ನುಸುಳಬಹುದೆಂದು ಕೋರ್ಟ್ ಅದನ್ನು ರದ್ದುಮಾಡಿತು. 1977ರಲ್ಲಿ ಒಹಾಯೊ ರಾಜ್ಯದ ವುಲ್ಮನ್ ಪ್ರಕರಣದಲ್ಲಿ, ಸರ್ಕಾರಿ ಶಾಲೆಗಳಲ್ಲಿ ಬಳಸುವ ಪರೀಕ್ಷೆಯನ್ನೇ ಖಾಸಗಿ ಶಾಲೆಗೂ ಒದಗಿಸಿ ಮೌಲ್ಯಮಾಪನ ಮಾಡಿಕೊಡುವುದು ಸರಿ ಎಂದಿತು. ಅಲ್ಲಿ ಪ್ರಶ್ನೆ ಬರೆಯುವುದರಲ್ಲೂ ಅಂಕ ಕೊಡುವುದರಲ್ಲೂ ಶಾಲೆಯ ಕೈಯಿರಲಿಲ್ಲ. ನ್ಯೂಯಾರ್ಕ್ ತನ್ನ ಕಾನೂನನ್ನು ತಿದ್ದಿ, ಪರೀಕ್ಷೆಗಳಲ್ಲಿ ರಾಜ್ಯ ರೂಪಿಸಿದವುಗಳ ಖರ್ಚನ್ನು ಮಾತ್ರ ಕೊಡುವುದೆಂದು ಮಾಡಿದ್ದನ್ನು 1980ರಲ್ಲಿ ರೀಗನ್ ಪ್ರಕರಣದಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಕೋರ್ಟ್ ಒಪ್ಪಿತು. ಮಿಷಿಗನ್ನಿನ ಏರ್ಪಾಡು ಈ ಮೂರೂ ತೀರ್ಪುಗಳಿಗೆ ಹೊಂದುವಂತಿದೆ. ನಗದನ್ನೂ ಕೊಡದೆ, ಪ್ರಶ್ನೆಯನ್ನೂ ಶಾಲೆಗೆ ಬಿಡದೆ, ಮಗುವಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಇಂಥ ದಾರಿ ಶಿಕ್ಷಣದ ಕಾನೂನಿನಲ್ಲಿ ಅಪರೂಪ.

ಸ್ಯಾಟ್‌ನ ಮಾತು ಜೋರಾಗಿ ಕೇಳುವಲ್ಲಿ ವರ್ಕ್‌ಕೀಸ್‌ನ ಮಾತು ಅಡಗಿಹೋಗುತ್ತದೆ. ಹಾಗಾಗಬಾರದು. ಹನ್ನೆರಡನೇ ತರಗತಿ ಮುಗಿಸಿದವರೆಲ್ಲ ಪದವಿಗೆ ಹೋಗುವುದಿಲ್ಲ. ಕಾರಿನ ಬಿಡಿಭಾಗದ ಕಾರ್ಖಾನೆ, ಆಸ್ಪತ್ರೆ, ಗೋದಾಮು, ವಿದ್ಯುತ್ ಕೆಲಸ, ಪೈಪ್ ಕೆಲಸಗಳಿಗೆ ನೇರವಾಗಿ ಹೋಗುವ ಮಕ್ಕಳು ಖಾಸಗಿ ಶಾಲೆಗಳಲ್ಲೂ ಇದ್ದಾರೆ. ಅವರಿಗಾಗಿ ಇರುವ ಪರೀಕ್ಷೆ ಇದು. ಒಂದೊಂದು 55 ನಿಮಿಷದ ಮೂರು ಪತ್ರಿಕೆಗಳಿವೆ. ಒಂದರಲ್ಲಿ ಕೆಲಸದ ಜಾಗದ ಲೆಕ್ಕಾಚಾರ ಇರುತ್ತದೆ: ಎಷ್ಟು ಸಾಮಗ್ರಿ ಬೇಕು, ಯಾವ ದರದಲ್ಲಿ ಕೊಂಡರೆ ಲಾಭ, ಅಳತೆಯನ್ನು ಒಂದು ಮಾನದಿಂದ ಇನ್ನೊಂದಕ್ಕೆ ಬದಲಿಸುವುದು ಹೇಗೆ. ಇನ್ನೊಂದರಲ್ಲಿ ಕೋಷ್ಟಕ, ನಕ್ಷೆ, ಮಾಪಕಗಳನ್ನು ಓದಬೇಕು. ಮೂರನೆಯದರಲ್ಲಿ ಸುತ್ತೋಲೆ, ಸೂಚನೆ, ನಿಯಮಾವಳಿಗಳನ್ನು ಓದಿ ಮುಂದೇನು ಮಾಡಬೇಕೆಂದು ಹೇಳಬೇಕು. ಮೂರರಲ್ಲೂ ಕನಿಷ್ಠ ಮೂರನೇ ಹಂತ ಮುಟ್ಟಿದವರಿಗೆ ಕಂಚು, ನಾಲ್ಕಕ್ಕೆ ಬೆಳ್ಳಿ, ಐದಕ್ಕೆ ಚಿನ್ನ, ಆರಕ್ಕೆ ಪ್ಲಾಟಿನಂ ಮಟ್ಟದ ರಾಷ್ಟ್ರೀಯ ಉದ್ಯೋಗ ಸಿದ್ಧತೆ ಪ್ರಮಾಣಪತ್ರ ಸಿಗುತ್ತದೆ. ಮೂರರಲ್ಲಿ ಅತಿ ಕಡಿಮೆ ಬಂದ ಹಂತವೇ ಪ್ರಮಾಣಪತ್ರದ ಮಟ್ಟವನ್ನು ನಿರ್ಧರಿಸುತ್ತದೆ. ಒಂದರಲ್ಲಿ ಜಾಣನಾಗಿ ಇನ್ನೊಂದರಲ್ಲಿ ಹಿಂದೆ ಬಿದ್ದವನಿಗೆ ಎಲ್ಲಿ ಕಲಿಯಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಪದವಿಯಿಲ್ಲದೆ ಕೆಲಸ ಕೇಳಲು ಹೋಗುವ ಹದಿನೆಂಟರ ಯುವಕನ ಬಳಿ ತೋರಿಸಲು ಇಂಥದ್ದೊಂದು ಕಾಗದ ಇರುವುದು ದೊಡ್ಡ ಆಸರೆ.

ಏರ್ಪಾಡಿಗೆ ಆಕ್ಷೇಪಗಳೂ ಇವೆ. ಖಾಸಗಿ ಶಾಲೆಗಳಲ್ಲೇ ಕೆಲವರಿಗೆ ಅಳುಕಿದೆ. ಸರ್ಕಾರದ ಪರೀಕ್ಷೆ ಒಳಗೆ ಬಂದರೆ ನಾಳೆ ಸರ್ಕಾರದ ಪಠ್ಯವೂ ಬಂದೀತು ಎಂಬ ಭಯ ಅದು. ಮಿಷಿಗನ್ನಿನಲ್ಲಿ ಭಾಗವಹಿಸುವುದು ಶಾಲೆಯ ಇಚ್ಛೆಗೆ ಬಿಟ್ಟದ್ದಾದ್ದರಿಂದ ಈ ಭಯಕ್ಕೆ ಹೆಚ್ಚು ಆಧಾರವಿಲ್ಲ. ವೋಚರ್ ವ್ಯವಸ್ಥೆಯಿರುವ ವಿಸ್ಕಾನ್ಸಿನ್‌ನ ಕಥೆ ಬೇರೆ. ಅಲ್ಲಿ ಸರ್ಕಾರವೇ ಬೋಧನಾ ಶುಲ್ಕ ಕೊಟ್ಟು ಖಾಸಗಿ ಶಾಲೆಗೆ ಕಳಿಸುವ ಮಕ್ಕಳು ರಾಜ್ಯದ ಪರೀಕ್ಷೆಗಳನ್ನು ಬರೆಯಲೇಬೇಕು. ಹಣ ಪಡೆದಲ್ಲಿ ಲೆಕ್ಕ ಕೊಡಬೇಕೆಂಬ ಆ ತರ್ಕ ನ್ಯಾಯವಾದದ್ದೇ. ಸ್ಯಾಟ್ ಅಂಕಗಳು ಮನೆಯ ಆದಾಯದ ಜೊತೆ ಏರುತ್ತವೆ, ಹಾಗಾಗಿ ಪರೀಕ್ಷೆಯೇ ಅನ್ಯಾಯ ಎಂಬುದು ಇನ್ನೊಂದು ಆಕ್ಷೇಪ. ಮೊದಲರ್ಧ ನಿಜ. ಕೋವಿಡ್ ಬಂದ 2020ರಲ್ಲಿ ಬಹಳಷ್ಟು ವಿಶ್ವವಿದ್ಯಾಲಯಗಳು ಅಂಕ ಸಲ್ಲಿಸುವುದನ್ನು ಐಚ್ಛಿಕಗೊಳಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅದನ್ನು ಪೂರ್ತಿಯಾಗಿ ಕೈಬಿಟ್ಟಿತು. ಆದರೆ ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಅಂಕಗಳನ್ನು ಮತ್ತೆ ಕಡ್ಡಾಯ ಮಾಡಿದವು. ಬಡ ಮನೆಯ ಮಕ್ಕಳು ತಮಗೆ ಸಹಾಯವಾಗುತ್ತಿದ್ದ ಅಂಕಗಳನ್ನೇ ಸಾಲದೆಂದು ಭಾವಿಸಿ ಸಲ್ಲಿಸದೆ ಉಳಿಯುತ್ತಿದ್ದರು ಎಂಬುದು ಡಾರ್ಟ್‌ಮತ್ ಕೊಟ್ಟ ಕಾರಣಗಳಲ್ಲೊಂದು. ಅಸಮಾನತೆ ಹುಟ್ಟುವುದು ಪರೀಕ್ಷೆಯ ದಿನ ಅಲ್ಲ, ಅದಕ್ಕಿಂತ ಹದಿನಾರು ವರ್ಷ ಮೊದಲು. ಪರೀಕ್ಷೆ ಬರೆಸದಿದ್ದರೆ ಅದು ಕಾಣದಂತಾಗುತ್ತದೆಯೇ ಹೊರತು ಹೋಗುವುದಿಲ್ಲ.

ಕರ್ನಾಟಕದ ಓದುಗರಿಗೆ ಪರಿಚಿತವಾದ ಸಿಇಟಿ 1994ರಿಂದ ನಡೆದಿದೆ. ಸರ್ಕಾರಿ ಕಾಲೇಜಿನವರು, ಖಾಸಗಿ ಕಾಲೇಜಿನವರು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಪತ್ರಿಕೆ ಬರೆಯುತ್ತಾರೆ. ಆದರೆ ಅಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದವರಷ್ಟೇ ಬರೆಯುವುದು. ಅರ್ಜಿ ಹಾಕದೆ ಉಳಿದವರಲ್ಲಿ ಎಷ್ಟು ಮಂದಿ ಸಮರ್ಥರಿದ್ದರೆಂಬುದು ಲೆಕ್ಕಕ್ಕೇ ಸಿಗುವುದಿಲ್ಲ. ಮಿಷಿಗನ್ ಕಲಿಸುವ ಪಾಠ ಈ ವಿಷಯದಲ್ಲಿ ಇಲ್ಲಿಗೂ ಸಲ್ಲುತ್ತದೆ. ಕಾರು ಉದ್ಯಮದ ಎಂಜಿನಿಯರುಗಳಾಗಿ ಹೋಗಿ ಡೆಟ್ರಾಯಿಟ್ ಸುತ್ತಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗಂತೂ ಇದು ಮನೆಯ ವಿಷಯವೇ.

ಏರ್ಪಾಡಿನ ಒಂದು ದೋಷ ತಿದ್ದಬೇಕಾದದ್ದು. ಕಾಯ್ದೆ ಪರೀಕ್ಷೆಯ ಅವಕಾಶವನ್ನು ಮಗುವಿಗೆ ಕೊಟ್ಟಿದೆ, ಆದರೆ ಖಾಸಗಿ ಶಾಲೆಯ ಮಗುವಿಗೆ ಅದನ್ನು ತಲುಪುವ ಹಾದಿಯನ್ನು ಶಾಲೆಯ ಕೋರಿಕೆಯ ಮೂಲಕ ಹಾಯಿಸಿದೆ. ಶಾಲೆ ಕೇಳದಿದ್ದರೆ, ಕೇಳಲು ಮರೆತರೆ, ಅಥವಾ ಮೇಲ್ವಿಚಾರಣೆಗೆ ಜನ ಸಾಲದೆಂದು ಸುಮ್ಮನಾದರೆ ಮಗುವಿನ ಅವಕಾಶ ಕಾಗದದ ಮೇಲೇ ಉಳಿಯುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ನೇರವಾಗಿ ಶಾಲಾ ಘಟಕದ ಬಾಗಿಲು ತಟ್ಟುವ ಹಕ್ಕನ್ನು ಬರೆದುಕೊಟ್ಟಂತೆ, ಶಾಲೆ ಮುಂದೆ ಬಾರದಿದ್ದಾಗ ಖಾಸಗಿ ಶಾಲೆಯ ಮಗುವಿಗೂ ಬರೆದುಕೊಡಬೇಕು. ಇದಕ್ಕೆ ಹೊಸ ಪರೀಕ್ಷೆಯೂ ಬೇಡ, ಹೊಸ ಗುತ್ತಿಗೆಯೂ ಬೇಡ. ಕಾಯ್ದೆಗೆ ಒಂದು ವಾಕ್ಯ ಸೇರಿಸಿದರೆ ಸಾಕು. ಅಲ್ಲಿಯವರೆಗೆ ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆ ತಾಯಿ ಹನ್ನೊಂದನೇ ತರಗತಿ ಶುರುವಾಗುತ್ತಿದ್ದಂತೆಯೇ ಶಾಲೆಯ ಕಚೇರಿಗೆ ಹೋಗಿ, ಈ ವರ್ಷದ ಮೆರಿಟ್ ಪರೀಕ್ಷೆಗೆ ಕೋರಿಕೆ ಸಲ್ಲಿಸಿದ್ದೀರಾ ಎಂದು ಕೇಳಬೇಕು. ಸಲ್ಲಿಸಿಲ್ಲವೆಂದರೆ ಸಲ್ಲಿಸುವಂತೆ ಒತ್ತಾಯಿಸಬೇಕು.